ರೋಗಿ ಎದ್ದು ಹೋದರೆ?

ಹಲ್ಲಿನ ಡಾಕ್ಟರಮ್ಮ ಎರಡನೆಯ ಸಲವೂ ಕಾಗದಗಳನ್ನು ಹಿಂದಕ್ಕೆ ಕಳಿಸಿದ್ದರು. ಮೊದಲ ಸಲ ಅಂಚಿನಲ್ಲಿ ‘ಇದು ನನ್ನ ಕ್ಲಿನಿಕ್ ಅಲ್ಲ’ ಎಂದು ಬರೆದಿದ್ದರು. ಈ ಸಲ ಅಷ್ಟು ಶ್ರಮವನ್ನೂ ತೆಗೆದುಕೊಳ್ಳದೆ ‘ಇದೂ ಅಲ್ಲ’ ಎಂದಷ್ಟೇ ಗೀಚಿದ್ದರು.

ನಮ್ಮ ಮಹಾಶಯರು ಸಾಫ್ಟ್‌ವೇರ್ ಕಂಪನಿಯಲ್ಲಿ ಅನಲಿಸ್ಟ್. ಪ್ರೋಗ್ರಾಂ ಬರೆಯುವವರಿಗಿಂತ ಮೊದಲು ಹೋಗಿ, ಗಿರಾಕಿಗೆ ಬೇಕಾದದ್ದೇನೆಂದು ಕೇಳಿ, ಅದನ್ನು ‘ಯೂಸ್ ಕೇಸ್’ ಎಂಬ ರೂಪದಲ್ಲಿ ಬರೆದುಕೊಡುವುದು ಅವರ ಉದ್ಯೋಗ. ಈ ಸಲದ ಗಿರಾಕಿ ಆ ಡಾಕ್ಟರಮ್ಮ. ಯಾರು ಬರುತ್ತಾರೆ, ಏನು ಬೇಕೆಂದು ಬರುತ್ತಾರೆ, ಅವರು ಹೀಗೆ ಮಾಡಿದರೆ ಕಂಪ್ಯೂಟರ್ ಏನು ಮಾಡಬೇಕು, ಹಾಗೆ ಮಾಡಿದರೆ ಏನು ಮಾಡಬೇಕು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದು, ಪಕ್ಕದಲ್ಲೊಂದು ಚಿತ್ರ ಬಿಡಿಸಬೇಕು. ಚಿತ್ರದಲ್ಲಿ ಒಂದು ದೊಡ್ಡ ಚೌಕ, ಅದರೊಳಗೆ ಮೊಟ್ಟೆಯಾಕಾರದ ಸುತ್ತುಗಳು, ಹೊರಗೆ ಕಡ್ಡಿಯಂಥ ಮನುಷ್ಯರು. (ಮದುವೆಯಾದ ಹೊಸತರಲ್ಲಿ ಆ ಕಡ್ಡಿಗಳನ್ನು ನೋಡಿ ಹೆಂಡತಿ, “ಪಾಪ, ಇವರಿಗೆ ಯಾರೂ ಊಟ ಹಾಕಲ್ವೇನ್ರೀ?” ಎಂದು ಕೇಳಿದ್ದಳು. ಮಹಾಶಯರು ಎರಡು ದಿನ ಮಾತು ಬಿಟ್ಟಿದ್ದರು.)

ಶನಿವಾರ ಮ್ಯಾನೇಜರ್ ಕರೆದು ಹೇಳಿದರು: “ಸೋಮವಾರ ನಾಲ್ಕು ಗಂಟೆಗೆ ಹೋಗಿ ಡಾಕ್ಟರ ಸಹಿ ಹಾಕಿಸಿಕೊಂಡು ಬನ್ನಿ. ಮೂರನೇ ಸಲವೂ ವಾಪಸ್ ಬಂತೋ, ನಿಮ್ಮನ್ನ ದೂರಿನ ಫೋನ್ ಎತ್ತೋ ವಿಭಾಗಕ್ಕೆ ಹಾಕ್ತೀನಿ.”

ಬೈಸಿಕೊಳ್ಳುವುದು ಮಹಾಶಯರಿಗೆ ಹೊಸದೇನಲ್ಲ. ಆದರೆ ಮನೆಯಲ್ಲಿ ಅದಕ್ಕೊಂದು ಹೊತ್ತೂ ಮಿತಿಯೂ ಇತ್ತು. ದೂರಿನ ವಿಭಾಗದಲ್ಲಾದರೆ ಒಂಬತ್ತರಿಂದ ಆರರವರೆಗೆ, ಗುರುತಿಲ್ಲದವರಿಂದ.

ಭಾನುವಾರ ಬೆಳಿಗ್ಗೆ, ಮುಖ ಒರೆಸಿಕೊಳ್ಳುತ್ತಿದ್ದಾಗ ಅವರಿಗೆ ಜ್ಞಾನೋದಯವಾಯಿತು. ಮನೆಯಲ್ಲೇ ಕ್ಲಿನಿಕ್ ಹೂಡಿ, ಬರೆದದ್ದನ್ನೆಲ್ಲ ಆಡಿ ನೋಡಿದರೆ?

“ನಾನು ಕಂಪ್ಯೂಟರ್,” ಎಂದರು, ಊಟದ ಮೇಜಿನ ಹಿಂದೆ ನೆಟ್ಟಗೆ ಕುಳಿತು. “ನೀನು ರಿಸೆಪ್ಷನಿಸ್ಟ್. ಅತ್ತೆ, ನೀವು ರೋಗಿ. ಕಾಗದದಲ್ಲಿ ಬರೆದಿರೋದು ಬಿಟ್ಟು ನಾನು ಒಂದಕ್ಷರ ಹೆಚ್ಚು ಮಾತಾಡೋ ಹಾಗಿಲ್ಲ.”

“ದಿನಾ ಹೀಗೇ ಇರಬಾರದಾ?” ಎಂದಳು ಹೆಂಡತಿ, ತರಕಾರಿ ಹೆಚ್ಚುವುದನ್ನು ಬಿಟ್ಟು ಬಂದು.

ಅತ್ತೆ, ಅಂದರೆ ಹೆಂಡತಿಯ ತಾಯಿ, ಈ ಕೆಲಸವನ್ನು ಗಂಭೀರವಾಗಿಯೇ ತೆಗೆದುಕೊಂಡರು. ಕೈಚೀಲ ಹಿಡಿದು, ಚಪ್ಪಲಿ ಮೆಟ್ಟಿ, ಹೊರಗೆ ಹೋಗಿ ಬಾಗಿಲು ತಟ್ಟಿ ಒಳಗೆ ಬಂದರು.

“ಹೆಜ್ಜೆ ಒಂದು,” ಎಂದಿತು ಕಂಪ್ಯೂಟರ್. “ರೋಗಿ ತನ್ನ ಹೆಸರು ಹೇಳುತ್ತಾರೆ.”

“ಯಾಕೆ ಹೇಳಬೇಕು?”

“ಹೇಳಿದ್ರೆ ತಾನೇ ಅತ್ತೆ, ಮುಂದೆ ಹೋಗೋದು!”

“ಮುಂದೆ ಹೋಗೋಕೆ ಯಾರು ಬಂದ್ರು? ಇವತ್ತು ನೋವು ಕಮ್ಮಿ ಇದೆ. ಬರ್ತೀನಿ.” ಅತ್ತೆ ಸರ್ರನೆ ತಿರುಗಿ ಹೋಗಿ ಸೋಫಾದಲ್ಲಿ ಕುಳಿತುಬಿಟ್ಟರು.

ಕಂಪ್ಯೂಟರ್ ಕಾಗದ ತಿರುವಿತು. ಹನ್ನೆರಡು ಪುಟಗಳಲ್ಲಿ ಎಲ್ಲಿಯೂ ರೋಗಿ ಎದ್ದು ಹೋಗಿರಲಿಲ್ಲ.

“ಅತ್ತೆ, ನಿಜವಾದ ರೋಗಿಗಳು ಹೀಗೆಲ್ಲ ಮಾಡಲ್ಲ.”

“ಹದಿನೆಂಟು ವರ್ಷದಿಂದ ಮಾಡ್ತಾ ಇದೀನಲ್ಲ ನಾನು!”

ಮಾತು ಬಾಯಿಂದ ಜಾರಿಬಿಟ್ಟಿತು. ಅತ್ತೆಯ ಕೈ ತಾನಾಗಿಯೇ ಎಡಗೆನ್ನೆಗೆ ಹೋಯಿತು. ಹೆಂಡತಿ ಅದನ್ನು ನೋಡಿದಳು. ರೇಗಲಿಲ್ಲ, ಗದರಲಿಲ್ಲ. ತಾಯಿಯ ಪಕ್ಕ ಹೋಗಿ ಕುಳಿತು, “ಮತ್ತೆ ಏನೇನು ಹೇಳಿ ತಪ್ಪಿಸ್ಕೊಂಡೆ ಅಮ್ಮಾ?” ಎಂದು ಮೆಲ್ಲಗೆ ಕೇಳಿದಳು.

ಕೇಳುವವರು ಸಿಕ್ಕರೆ ಯಾವ ಕಲಾವಿದರು ಸುಮ್ಮನಿರುತ್ತಾರೆ? “ಒಲೆ ಆರಿಸೋದು ಮರೆತೆ ಅಂದಿದೀನಿ,” ಎಂದು ಶುರು ಮಾಡಿದರು.

“ನಾನಾಗಿದ್ರೆ ಮನೆ ನಂಬರ್ ಕೊಡಿ, ನಾನೇ ಫೋನ್ ಮಾಡಿ ಕೇಳ್ತೀನಿ ಅಂತಿದ್ದೆ,” ಎಂದಳು ಹೆಂಡತಿ, ರಿಸೆಪ್ಷನಿಸ್ಟ್ ಆಗಿ.

“ಪಾಪ, ಇವರಿಗೆ ನನಗಿಂತ ಅರ್ಜೆಂಟು, ಇವರು ಮೊದಲು ಹೋಗಲಿ ಅಂತ ಬಾಗಿಲು ಹಾಕೋವರೆಗೂ ಎಲ್ಲರನ್ನೂ ಒಳಗೆ ಕಳಿಸಿದೀನಿ.”

“ಅವರೆಲ್ಲ ಆಗಲೇ ತೋರಿಸ್ಕೊಂಡು ಹೊರಟವರು, ನೀವು ಬನ್ನಿ ಅಂತಿದ್ದೆ.”

“ನಾಳೆ ಬರ್ತೀನಿ ಅಂದ್ರೆ?”

“ಖಂಡಿತ ಬನ್ನಿ. ಈಗ ಕುರ್ಚಿ ಮೆತ್ತಗಿದೆಯಾ ಅಂತ ಒಂದು ಸಲ ಕೂತು ನೋಡಿ ಹೋಗಿ.”

ಮಹಾಶಯರು ಕಂಪ್ಯೂಟರ್ ಪದವಿಗೆ ರಾಜೀನಾಮೆ ಕೊಟ್ಟು ಗುಮಾಸ್ತರಾದರು. ಪೆನ್ನು ಓಡಿತು. ರೋಗಿಗೆ ಬೇಕಾದದ್ದು ತಪ್ಪಿಸಿಕೊಳ್ಳುವುದು. ಡಾಕ್ಟರಿಗೆ ಬೇಕಾದದ್ದು ಅವರು ತಪ್ಪಿಸಿಕೊಳ್ಳದಿರುವುದು. ಇಷ್ಟು ದಿನ ಇದು ಹೊಳೆದೇ ಇರಲಿಲ್ಲವಲ್ಲ! ‘ರೋಗಿ ಎದ್ದು ಹೋದರೆ’ ಎಂಬ ತಲೆಬರಹದ ಕೆಳಗೆ ಏಳು ನೆಪಗಳು, ಏಳು ಉತ್ತರಗಳು. ನೆಪದ ಸಂಖ್ಯೆ ಒತ್ತಿದರೆ ಉತ್ತರ ರಿಸೆಪ್ಷನಿಸ್ಟರ ಪರದೆಯ ಮೇಲೆ ಬರಬೇಕು. ಕೊನೆಗೆ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದರು.

“ಅಮ್ಮನ ಹೆಸರು?” ಎಂದಳು ಹೆಂಡತಿ.

“ಕಚ್ಚಾ ಮಾಹಿತಿ ಕೊಟ್ಟವರ ಹೆಸರೆಲ್ಲ ಹಾಕೋ ಪದ್ಧತಿ ಇಲ್ಲ,” ಎಂದರು ಮಹಾಶಯರು.

ಸೋಮವಾರ ಡಾಕ್ಟರಮ್ಮ ಓದುತ್ತ ಓದುತ್ತ ನಕ್ಕರು. “ಇದು! ಇದು ನನ್ನ ಕ್ಲಿನಿಕ್!” ಎಂದು ರಿಸೆಪ್ಷನಿಸ್ಟ್ ಹೆಂಗಸನ್ನು ಕರೆದು ಆ ಪುಟವನ್ನು ಕೈಗೆ ಕೊಟ್ಟರು. ಸಹಿಗೆಂದು ಪೆನ್ನು ತೆರೆದವರು ಮತ್ತೆ ಮುಚ್ಚಿದರು. “ಒಂದು ಸಲ ಪರೀಕ್ಷೆ ಮಾಡಿಬಿಡೋಣ. ನಾಲ್ಕು ಗಂಟೆಯ ರೋಗಿ ಹೇಗೂ ಎದ್ದು ಹೋದರು. ನೀವೇ ಕೂತ್ಕೊಳ್ಳಿ.”

ಸಹಿಗಾಗಿ ಏನು ತಾನೇ ಮಾಡಬಾರದು? ಮಹಾಶಯರು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು. ಡಾಕ್ಟರಮ್ಮ ಸುಮ್ಮನೆ ಕನ್ನಡಿ ಹಾಕಿ ನೋಡಿದವರು ನಗು ನಿಲ್ಲಿಸಿದರು.

“ಬಲಗಡೆ ಕೊನೆಯ ದವಡೆ ಹಲ್ಲು. ಪೂರ್ತಿ ಟೊಳ್ಳಾಗಿದೆ. ಇವತ್ತೇ ತೆಗೆಯೋದು ಒಳ್ಳೇದು.”

ಮಹಾಶಯರು ಎದ್ದು ನಿಂತರು. “ನೋವೇ ಇಲ್ಲ ಡಾಕ್ಟರ್.”

“ಒಂದನೇದು,” ಎಂದರು ಬಾಗಿಲಲ್ಲಿ ನಿಂತ ರಿಸೆಪ್ಷನಿಸ್ಟ್, ಸಾಲಿನ ಮೇಲೆ ಬೆರಳಿಟ್ಟು. “ಒಳ್ಳೇದಾಯ್ತು ಸರ್, ನೋವಿಲ್ಲದಾಗ ತೆಗೆಸೋದೇ ಸುಲಭ.”

“ನಾಳೆ ಖಂಡಿತ...”

“ನಾಲ್ಕನೇದು. ಕುರ್ಚಿ ಮೆತ್ತಗಿದೆ ಸರ್, ಕೂತು ನೋಡಿ.”

“ಒಲೆ...” ಎಂದು ಬಾಯಿಬಿಟ್ಟಾಗ ಅವರಿಗೇ ನಾಚಿಕೆಯಾಯಿತು. ರಿಸೆಪ್ಷನಿಸ್ಟರಿಗೆ ನಾಚಿಕೆಯಾಗಲಿಲ್ಲ. ಕಾಗದದಲ್ಲಿದ್ದಂತೆಯೇ ಮನೆಗೆ ಫೋನ್ ಮಾಡಿ, ಉತ್ತರ ಕೇಳಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು: “ಒಲೆ ಆರಿದೆಯಂತೆ ಸರ್. ಹುಟ್ಟಿದಾಗಿನಿಂದ ನೀವು ಒಲೆ ಹಚ್ಚಿದವರೇ ಅಲ್ವಂತೆ. ಇನ್ನೂ ಏನೋ ಹೇಳ್ತಿದಾರೆ, ಮಾತಾಡಿ ಬರ್ತೀನಿ.”

ಬಾಗಿಲೇನೋ ತೆರೆದೇ ಇತ್ತು. ಆದರೆ ಮೇಜಿನ ಮೇಲೆ ಸಹಿಯಿಲ್ಲದ ಕಾಗದಗಳಿದ್ದವು, ಪಕ್ಕದಲ್ಲಿ ಮುಚ್ಚಿದ ಪೆನ್ನು. ಮಹಾಶಯರು ದೂರಿನ ಫೋನುಗಳನ್ನು ನೆನೆದರು. ಆಮೇಲೆ ದೇವರನ್ನು ನೆನೆದರು. (ಆತ ಎಲ್ಲೆಡೆಯೂ ಇರುತ್ತಾನೆ. ಕುರ್ಚಿ ಹಿಂದಕ್ಕೆ ವಾಲಿದಾಗ ಸ್ವಲ್ಪ ಬೇಗ ಕಾಣಿಸುತ್ತಾನೆ.) ಕುಳಿತರು.

ಆರು ಗಂಟೆಗೆ ಮನೆಗೆ ಬಂದಾಗ ಕೈಯಲ್ಲಿ ಸಹಿಯಾದ ಕಾಗದಗಳಿದ್ದವು, ಬಾಯಲ್ಲಿ ಹತ್ತಿ. ಬಲಗೆನ್ನೆ ಊದಿ ಕಣ್ಣನ್ನು ಮಾತಾಡಿಸಲು ಹೊರಟಿತ್ತು.

“ಸಹಿ ಆಯ್ತಾ?” ಎಂದಳು ಹೆಂಡತಿ.

ತಲೆಯಾಡಿಸಿದರು.

“ದೇವರು ದೊಡ್ಡವನು. ಅಮ್ಮಾ, ಆ ಹೆಂಗಸು ಫೋನ್ ಮಾಡಿದಾಗಲೇ ನಾಳೆ ಐದು ಗಂಟೆಗೆ ನಿನ್ನ ಹೆಸರೂ ಬರೆಸಿಬಿಟ್ಟೆ. ನಿನ್ನ ಏಳು ನೆಪಕ್ಕೂ ಅಲ್ಲಿ ಉತ್ತರ ಸಿದ್ಧವಾಗಿದೆ.”

ಅತ್ತೆ ಗಾಬರಿಯಾಗಲಿಲ್ಲ. ನಿಧಾನವಾಗಿ ಎದ್ದು ಬಂದು, ಅಳಿಯನ ಗದ್ದ ಹಿಡಿದು, ಊದಿದ ಕೆನ್ನೆಯನ್ನು ದೀಪದ ಬೆಳಕಿಗೆ ತಿರುಗಿಸಿ ಮಗಳಿಗೆ ತೋರಿಸಿದರು.

“ಎಂಟನೇದು. ‘ನಮ್ಮ ಅಳಿಯನ್ನ ನೋಡಿದ್ರಾ?’ ಅಂತೀನಿ. ಇದಕ್ಕೇನು ಹೇಳ್ತಾರೆ?”

ಹೆಂಡತಿ ಗಂಡನ ಮುಖ ನೋಡಿದಳು. ಅವರ ಕೈಯ ಕಾಗದ ತೆಗೆದುಕೊಂಡು ಏಳನೆಯ ಉತ್ತರದ ಕೆಳಗೆ ಬೆರಳಾಡಿಸಿದಳು; ಅಲ್ಲಿ ಡಾಕ್ಟರಮ್ಮನ ಸಹಿಯಷ್ಟೇ ಇತ್ತು.

“ನಿಮ್ಮ ಕಾಗದ ತಿದ್ದಬೇಕಲ್ಲ, ಅಳಿಯಂದಿರೇ,” ಎಂದು ಅತ್ತೆ ಮರುಗಿದರು. “ಛೆ, ಸಹಿ ಬೇರೆ ಆಗಿಹೋಗಿದೆ.”