ಸಿಗಡಿ ಡಬ್ಬಿಯೂ ಹಂಡೆ ಹಿಂದಿನ ಕೀಯೂ

"ಇನ್ನು ನಮ್ಮ ಮನೆಗೆ ಯಮಧರ್ಮ ಬಂದರೂ ಕೋಣವನ್ನು ಗೇಟಿನ ಹೊರಗೆ ಕಟ್ಟಿ, ಅನುಮತಿ ಕೇಳಿಯೇ ಒಳಗೆ ಬರಬೇಕು!"

ಕೋಟೇಶ್ವರದ ನಮ್ಮ ಮನೆಯಂಗಳದಲ್ಲಿ ನಾನು ಈ ಘೋರ ಪ್ರತಿಜ್ಞೆ ಮಾಡಿದ್ದು ಕಳ್ಳತನವಾದ ಮರುದಿನ. ಕೈಯಲ್ಲಿ ಬಿಲ್ಲುಬಾಣದ ಬದಲು ಹಲ್ಲುಜ್ಜುವ ಬ್ರಷ್ಷಿತ್ತು, ಅಷ್ಟೇ ವ್ಯತ್ಯಾಸ.

ಹಿಂದಿನ ದಿನ ನಾನೂ ಹೆಂಡತಿ ಪುಷ್ಪಳೂ ಬಾರ್ಕೂರಿಗೆ ಮದುವೆಗೆ ಹೋಗಿದ್ದೆವು. ನಾನು ಅಲ್ಲಿ ಹೋಳಿಗೆ ಬಾರಿಸುತ್ತಿದ್ದಾಗ ಕಳ್ಳ ಇಲ್ಲಿ ಮಿಕ್ಸಿ, ಚಾರ್ಜಿಗಿಟ್ಟ ನನ್ನ ಹೊಸ ಮೊಬೈಲು, ಇಸ್ತ್ರಿ ಮಾಡಿಟ್ಟ ಪ್ಯಾಂಟು ಎಲ್ಲ ಬಾಚಿದ್ದ. ಚಿನ್ನ ಮಾತ್ರ ಉಳಿಯಿತು. ಅವಳಮ್ಮ ಗುಲ್ವಾಡಿಯಲ್ಲಿ ಮೀನಿನ ಬುಟ್ಟಿ ಹೊತ್ತು ಒಂದೊಂದಾಗಿ ಮಾಡಿಸಿಕೊಟ್ಟ ಸರ, ಬಳೆ ಎಲ್ಲವೂ ಪುಷ್ಪಳ ಮೈಮೇಲಿದ್ದವು. "ಇಷ್ಟೆಲ್ಲ ಹೇರ್ಕಂಡ್ ಹ್ವಾಪ್ದಾ? ಮದಿ ನಿಂದಾ?" ಎಂದು ಬೆಳಿಗ್ಗೆ ಗೊಣಗಿದವನು ನಾನೇ. ದೇವರು ದೊಡ್ಡವನು, ಅವಳು ನನ್ನ ಮಾತು ಕೇಳುವುದಿಲ್ಲ!

ಪೊಲೀಸರು ಬಂದು ನೋಡಿದರೆ ಬೀಗ ಒಡೆದಿಲ್ಲ, ಚಿಲಕ ಮುರಿದಿಲ್ಲ.

"ಕೀ ಎಲ್ಲಿಟ್ಟಿದ್ರಿ?"

"ಹಿತ್ತಲ ಬಚ್ಚಲಲ್ಲಿ, ಹಂಡೆ ಹಿಂದೆ ಸಾರ್. ಪರಮ ಗುಪ್ತ ಸ್ಥಳ. ನಮ್ಮಿಬ್ಬರನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿಲ್ಲ."

"ನಂಗ್ ಗೊತ್ತಿತ್ತಲೆ!" ಬೇಲಿಯಾಚೆಯಿಂದ ಹೆಮ್ಮೆಯ ದನಿ. ಮೀನು ಮಾರುವ, ಪಕ್ಕದ ಮನೆಯ ರಾಜೀವಕ್ಕ. ನಾವಿಲ್ಲದಾಗ ಬಾಗಿಲು ತೆಗೆದು ಫ್ರಿಜ್ಜಿನಲ್ಲಿ ಮೀನಿಟ್ಟು ಹೋಗುವವರು ಅವರೇ.

"ನಂಗೂ ಗೊತ್ತಿತ್," ಎಂದ ತೆಂಗಿನಕಾಯಿ ಕೊಯ್ಯುವ ಐತ.

"ನಮ್ ಮನಿ ಮಕ್ಳಿಗೂ ಗೊತ್ತಿತ್ತಪ್ಪ," ಎಂದರು ಎದುರುಮನೆಯ ವನಜಕ್ಕ.

ಪೊಲೀಸರು ಪೆನ್ನು ಜೇಬಿಗಿಟ್ಟರು. "ಊರಿಗೆಲ್ಲ ಗೊತ್ತಾದ ಮೇಲೆ ಕಟ್ಟಕಡೆಗೆ ಕಳ್ಳನಿಗೆ ಗೊತ್ತಾಗಿದೆ, ಪಾಪ!"

ಈ ಅವಮಾನದಿಂದಲೇ ಎದ್ದು ಬಂತು ನನ್ನ ಕೋಟೆ! ಜಗಲಿಗೆ ಕಬ್ಬಿಣದ ಗ್ರಿಲ್ಲು. ಗ್ರಿಲ್ಲಿಗೆ ಬೀಗ, ಮುಂಬಾಗಿಲಿಗೆ ಬೀಗ, ಹಿಂಬಾಗಿಲಿಗೆ ಬೀಗದ ಮೇಲೊಂದು ಬೀಗ. ಗೇಟಿಗೆ 'ನಾಯಿ ಇದೆ, ಎಚ್ಚರಿಕೆ' ಬೋರ್ಡು. ನಾಯಿ ಇರಲಿಲ್ಲ. ಆದರೂ ರಾಜೀವಕ್ಕ ಪಾಪ, ಬೋರ್ಡು ಕಂಡು ಬಂಗುಡೆ ತಲೆ ಕಳಿಸತೊಡಗಿದರು. ಕೀಗೊಂಚಲು ಸದಾ ನನ್ನ ಪ್ಯಾಂಟಿನ ಜೇಬಿನಲ್ಲಿ. ಹಂಡೆಯ ಕಡೆ ತಿರುಗಿಯೂ ನೋಡಕೂಡದೆಂದು ರಾಜಾಜ್ಞೆ.

"ಪುಷ್ಪಾ, ಚಿನ್ನ ಎಲ್ಲಿಟ್ಟಿದೆ ಅಂದೇಳಿ ನಿಂಗೂ ಹೇಳುದಿಲ್ಲೆ. ಕಳ್ಳ ಹೆದ್ರ್ಸಿರೆ ನೀ ಬಾಯ್ ಬಿಡ್ತೆ."

"ಕಳ್ಳ ಎಂತಕೆ? ನಿಮ್ಮಮ್ಮ ಒಂದ್ ಸಲ ಕೇಂಡ್ರೆ ನೀವೇ ಬಾಯ್ ಬಿಡ್ತ್ರಿ!"

ನಾನು ನಕ್ಕೆ. ಚಾಣಕ್ಯನ ನಗು. ಚಿನ್ನವನ್ನು ಬಟ್ಟೆಯಲ್ಲಿ ಸುತ್ತಿ, ಒಣ ಸಿಗಡಿಯ ಡಬ್ಬಿಯ ತಳಕ್ಕೆ ತುರುಕಿದ್ದೆ. ಆ ವಾಸನೆಗೆ ಯಾವ ಕಳ್ಳ ಮೂಗು ಹಾಕುತ್ತಾನೆ!

ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಊಟಕ್ಕೆ ಬಂದೆ. ಬಡಿಸುತ್ತ ಪುಷ್ಪ ಹೇಳಿದಳು: "ಸುಜಿತ್ ಬೊಂಬಾಯಿಗ್ ಹೊರ್ಟ. ಇಲ್ಲಿಗ್ ಬಂದ್ ಹೇಳಿ ಹೋದ. ಸಿಗಡಿ ಡಬ್ಬಿ ಹಾಂಗೇ ಕೊಟ್ಟ್ ಕಳ್ಸ್ದೆ. ಪಾಪ, ಹೋಟ್ಲಂಗೆ ಊರ್ ಸಿಗಡಿ ಎಲ್ಲಿ ಸಿಕ್ಕತ್ತ್?"

ಸುಜಿತ್ ಅವಳ ತಮ್ಮ, ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ. ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ.

"ಯಾವ... ಡಬ್ಬಿ?"

"ಮನೆಯಂಗೆ ಎಷ್ಟ್ ಸಿಗಡಿ ಡಬ್ಬಿ ಇತ್ತ್ ಮಾರಾಯ್ರೆ?"

ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಪುಷ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಖಾಲಿ ಕೊರಳು ಮುಟ್ಟಿಕೊಂಡು, "ಅಮ್ಮಂಗೆ ಎಂತ ಹೇಳುದ್?" ಎಂದಳು.

ಫೋನು ಮಾಡೋಣವೆಂದರೆ ಸುಜಿತನ ನಂಬರು ಇದ್ದದ್ದು ಮನೆಗೆಲ್ಲ ಒಂದೇ ಆದ ನನ್ನ ಮೊಬೈಲಿನಲ್ಲಿ. ಮೊಬೈಲು ಇದ್ದದ್ದು ಕಳ್ಳನ ಬಳಿ! ಬಸ್ಸು ಕುಂದಾಪುರ ಬಿಟ್ಟಾಗಿರುತ್ತದೆ. ಬೈಂದೂರಿನಲ್ಲಾದರೂ ಹಿಡಿಯಬೇಕು. ಹೊರಡಲು ಎದ್ದರೆ ನನ್ನದೇ ಕೋಟೆ ನನ್ನನ್ನು ಬಿಡಬೇಕಲ್ಲ! ಗ್ರಿಲ್ಲಿಗೆ ಹಿಂಬಾಗಿಲಿನ ಕೀ, ಮುಂಬಾಗಿಲಿಗೆ ಆಫೀಸಿನ ಡ್ರಾಯರಿನ ಕೀ. ಬೆವರಿಳಿಸಿ, ಹೇಗೋ ಹೊರಬಿದ್ದು, ಮತ್ತೆ ಎಲ್ಲಕ್ಕೂ ಬೀಗ ಜಡಿದು ಬೈಕ್ ಏರಿದೆ.

"ಹ್ವಾಯ್, ಕೀ..." ಎಂದಳು ಹಿಂದಿನ ಸೀಟಿಗೆ ಹತ್ತಿ ಕುಳಿತ ಪುಷ್ಪ.

"ಕೀ ಸುದ್ದಿ ಕಡಿಗ್ ಮಾತಾಡ್! ಅಲ್ಲಿ ಚಿನ್ನ ಹೋತಾ ಇತ್ತ್!"

ಬೈಂದೂರಿನಲ್ಲಿ ಜನ ಹತ್ತಿಸಿಕೊಳ್ಳಲು ಬಸ್ಸು ನಿಂತಿತ್ತು. ನಾನು ಅದರ ಮುಂದೆ ಅಡ್ಡ ನಿಂತು ಕೈ ಮುಗಿದೆ. ಸುಜಿತ್ ಗಾಬರಿಯಿಂದ ಇಳಿದು ಬಂದ.

"ಡಬ್ಬಿಯಾ ಭಾವ? ಇಲ್ಲೆ! ಏಸಿ ಬಸ್ಸ್ ಅಂಬ್ರ್, ವಾಸ್ನಿ ಅಂದೇಳಿ ಕಂಡಕ್ಟ್ರ್ ಹತ್ಸೂಕೇ ಬಿಡ್ಲಿಲ್ಲ. ಬಸ್‌ಸ್ಟ್ಯಾಂಡಂಗೆ ರಾಜೀವಕ್ಕ ಸಿಕ್ಕಿರ್. ಅಕ್ಕಂಗೆ ವಾಪಾಸ್ ಕೊಡಿ ಅಂದೇಳಿ ಅವ್ರ್ ಕೈಯಂಗೆ ಕೊಟ್ಟೆ."

ಆ ಕಂಡಕ್ಟರನ ಮೂಗಿಗೆ ನಾನು ಜನ್ಮಪೂರ್ತಿ ಋಣಿ!

ಸುಜಿತನನ್ನು ಮತ್ತೆ ಬಸ್ಸು ಹತ್ತಿಸಿ, ನಾನೂ ಪುಷ್ಪಳೂ ವಾಪಸು ಕೋಟೇಶ್ವರಕ್ಕೆ ಹಾರಿದೆವು. ರಾಜೀವಕ್ಕ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರು.

"ಡಬ್ಬಿಯಾ? ಆಗ್ಳೇ ನಿಮ್ ಅಡ್ಗಿ ಮನೆಯಂಗೆ ಇಟ್ಟ್ ಬಂದಿದೆ. ಫ್ರಿಜ್ಜಂಗೆ ನಾಕ್ ಬಂಗ್ಡಿ ಸಹ ಇತ್ತ್ ಕಾಣಿ."

"ಅಡ್ಗಿ ಮನೆಯಂಗಾ! ಅಷ್ಟ್ ಬೀಗ ಹಾಕಿದ್ದೆ! ಒಳ್ಗೆ ಹ್ಯಾಂಗ್ ಹೋದ್ರಿ?"

ರಾಜೀವಕ್ಕ ನನ್ನನ್ನು ಕನಿಕರದಿಂದ ನೋಡಿದರು. "ಕೀ ಹಂಡಿ ಹಿಂದೇ ಇತ್ತಲೆ, ಮಗಾ!"

ಜೇಬು ಮುಟ್ಟಿ ನೋಡಿದೆ. ಖಾಲಿ! ಪುಷ್ಪಳ ಕಡೆ ತಿರುಗಿದೆ.

"ಎಲ್ಲಾ ಬೀಗ ಹಾಕ್ಕಂಡ್, ಸೀದಾ ಬಚ್ಚಲ್ಗ್ ಹೋಯಿ, ಹಂಡಿ ಹಿಂದೆ ಇಟ್ಟ್ ಬಂದ್ ಬೈಕ್ ಹತ್ತಿರಿ. ನಾ ಹೇಳೂಕ್ ಹೊರ್ಟ್ರೆ ಬಾಯ್ ಮುಚ್ಚ್ಸಿರಿ!"

ಮನಸ್ಸು ಎಷ್ಟೇ ಪ್ರತಿಜ್ಞೆ ಮಾಡಲಿ, ಕೈಗೆ ಗೊತ್ತಿದ್ದದ್ದು ಹಂಡೆಯ ದಾರಿ ಮಾತ್ರ.

ಒಳಗೆ ಓಡಿ ಡಬ್ಬಿ ಸುರಿದೆವು. ಸರ, ಬಳೆ, ಓಲೆ... ಎಲ್ಲವೂ ಇದ್ದವು, ಸಿಗಡಿಯ ಘಮಘಮದೊಂದಿಗೆ. ಪುಷ್ಪ ಸರವನ್ನು ಕಣ್ಣಿಗೊತ್ತಿಕೊಂಡು, ಒಮ್ಮೆ ಸೀನಿ, ಅತ್ತಳು. ಹೊರಗೆ ಬಂದು ನಾನು ರಾಜೀವಕ್ಕನ ಕಾಲಿಗೇ ಬಿದ್ದೆ. "ಏಳ್ ಮಗಾ, ಸಿಗಡಿಗೆಲ್ಲ ಕಾಲ್ ಹಿಡುಕಾಗ!" ಎಂದರು ಅವರು.

ಚಿನ್ನವೀಗ ಬ್ಯಾಂಕಿನ ಲಾಕರಿನಲ್ಲಿದೆ. ಬೀಗಗಳೂ ಇವೆ. ಕೀಗೊಂಚಲು ಮಾತ್ರ ಪುಷ್ಪಳ ತೀರ್ಪಿನಂತೆ ರಾಜೀವಕ್ಕನ ಸೊಂಟದಲ್ಲಿದೆ. ದಿನಾ ಸಂಜೆ ಕೆಲಸದಿಂದ ಬಂದು ನಾನು ಬೈಕನ್ನು ಗೇಟಿನ ಹೊರಗೆ ನಿಲ್ಲಿಸಿ, ಅವರ ಅಂಗಳದಲ್ಲಿ ನಿಲ್ಲುತ್ತೇನೆ.

"ರಾಜೀವಕ್ಕಾ, ಒಳ್ಗ್ ಹೋಯ್ಲಕ್ಕಾ?"

"ನಿಲ್ಲ್ ಮಗಾ, ಮೀನ್ ಕೈ ತೊಳ್ಕಂಡ್ ಬತ್ತೆ!"

ಯಮಧರ್ಮ ಇನ್ನೂ ಬಂದಿಲ್ಲ. ಗೇಟಿನ ಹೊರಗೆ ವಾಹನ ನಿಲ್ಲಿಸಿ ಅನುಮತಿ ಕೇಳುತ್ತಿರುವವನು ಸದ್ಯಕ್ಕೆ ನಾನೊಬ್ಬನೇ.