ಗೋಳಾಕಾರದ ಸಿಪ್ಪೆಗೆ ಮಾತ್ರ ಪ್ರವೇಶ

ಹರಿಯುವ ನೀರಿನಲ್ಲಿರುವ ಕಣಗಳೆಲ್ಲ ಕೊಳವೆಯ ನಡುಮಧ್ಯಕ್ಕೆ ಸರಿಯತಕ್ಕದ್ದು ಎಂದು ಬಣಕಲ್ಲಿನ ತೇಲುಕಣ ವಲಸೆ ಅಧ್ಯಯನ ಉಪಕೇಂದ್ರವು ತೀರ್ಮಾನಿಸಿದೆ. ಸಮೀಕರಣ ಬರೆದವರು ಅಲ್ಲಿನ ಮುಖ್ಯಸ್ಥ ಡಾ. ಪ್ರಸನ್ನಕುಮಾರ್. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಇದ್ದರೆ ಅದು ನೀರಿನದು.

ಬಾಳೂರಿನ ಪ್ಲಾಂಟರ್ ಕಲ್ಲೇಶ್ ಅವರ ತೋಟದಲ್ಲಿ ನೀರು ತಪ್ಪು ಮಾಡಿತು. ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಕೊಳೆನೀರು ಹಳ್ಳಕ್ಕೆ ಸೇರುತ್ತಿದೆಯೆಂಬ ದೂರಿನ ಮೇಲೆ ಪಲ್ಪರಿಗೆ ಬೀಗಮುದ್ರೆ ಬಿದ್ದಿತ್ತು. ಆ ಸಮೀಕರಣದ ಮೇಲೆ ಉಪಕೇಂದ್ರ ಕಟ್ಟಿದ ಯಂತ್ರ ಆ ನೀರನ್ನು ಶುದ್ಧ ಮಾಡಿ ತೋರಿಸಿದರೆ ಮಾತ್ರ ಮುದ್ರೆ ತೆಗೆಯುವುದು. ನಡುವಿನ ಕೊಳವೆಯಲ್ಲಿ ಸಿಪ್ಪೆ, ಬದಿಯದರಲ್ಲಿ ತಿಳಿನೀರು ಬರಬೇಕಿತ್ತು. ಎರಡರಲ್ಲೂ ಒಂದೇ ಕಂದು ಗಂಜಿ ಬಂತು.

"ಸಾರ್, ಕೊಯ್ದ ಹಣ್ಣು ಆಗಲೇ ಹುಳಿ ವಾಸನೆ ಹೊಡಿತಾ ಇದೆ," ಎಂದರು ಕಲ್ಲೇಶ್. "ನಾಳೆ ಪಲ್ಪರ್ ತಿರುಗದಿದ್ರೆ ಅದು ಮಾರೋ ಪಾರ್ಚ್‌ಮೆಂಟ್ ಬೀಜ ಅಲ್ಲ, ಗೊಬ್ಬರ."

"ನನ್ನ ಸಮೀಕರಣ ಗೋಳಾಕಾರದ ಕಣಕ್ಕೆ. ನಿಮ್ಮ ಸಿಪ್ಪೆ ಚಪ್ಪಟೆಯಾಗಿದೆ."

"ಕಾಫಿ ಸಿಪ್ಪೆ ಚಪ್ಪಟೆನೇ ಅಲ್ವಾ ಸಾರ್?"

"ಅದು ನಿಮ್ಮ ತೋಟದ ಆಂತರಿಕ ವಿಚಾರ."

ಸಮೀಕರಣವನ್ನೇ ತಿದ್ದಬಹುದಲ್ಲ ಎಂದು ಸಹಾಯಕಿ ಗಗನಾ ಮೆಲ್ಲಗೆ ಹೇಳಿದಳು. ಪ್ರಸನ್ನಕುಮಾರರಿಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಆದರೆ ಒಮ್ಮೆ ತಿದ್ದಿದರೆ ತತ್ವಕ್ಕೆ ಏನು ಬೆಲೆ? ಕಾನ್ವೆಂಟಿನಲ್ಲಿ ಓದುವಾಗಲೂ ಅವರು ಉತ್ತರ ಹೊಡೆದುಹಾಕಿ ಬರೆದವರಲ್ಲ. ಸಂಜೆಯೊಳಗೆ ಸುತ್ತೋಲೆ ಹೊರಟಿತು:

"ಯಂತ್ರವನ್ನು ಪ್ರವೇಶಿಸುವ ಸಿಪ್ಪೆಯು ಗೋಳಾಕಾರದಲ್ಲಿರತಕ್ಕದ್ದು. ಚಪ್ಪಟೆಯಾದ, ಹರಿದ ಅಥವಾ ಮನಸ್ಸಿಗೆ ಬಂದಂತೆ ಮಡಿಚಿಕೊಂಡ ಸಿಪ್ಪೆಯನ್ನು ಪರಿಗಣಿಸಲಾಗುವುದಿಲ್ಲ."

ಬೆಳಿಗ್ಗೆ ಪಾಪಮ್ಮನೂ ತೋಟದ ಹೆಂಗಸರೂ ಕೊಳೆನೀರಿನ ತೊಟ್ಟಿಯ ಸುತ್ತ ಕೂತರು. ನೀರನ್ನು ಬಟ್ಟೆಯಲ್ಲಿ ಸೋಸಿ, ಸಿಪ್ಪೆಯನ್ನು ಹಿಂಡಿ, ಕಡುಬು ಕಟ್ಟುವಂತೆ ಅಂಗೈಯಲ್ಲಿ ಹೊರಳಿಸಿ ಉಂಡೆ ಮಾಡಿದರು. ನೀರು ತಿಳಿಯಾಗಿ ತೊಟ್ಟಿಯ ತಳ ಕಾಣತೊಡಗಿತು.

"ಇದನ್ನ ಮತ್ತೆ ನೀರಿಗೇ ಹಾಕ್ಬೇಕಾ ಸಾರ್?" ಪಾಪಮ್ಮ ಕೇಳಿದಳು.

"ಹಾಕದಿದ್ದರೆ ಯಂತ್ರ ಬೇರ್ಪಡಿಸುವುದು ಏನನ್ನು?" ಎಂದರು ಪ್ರಸನ್ನಕುಮಾರ್.

"ಅದೂ ಹೌದು ಮಾರಾಯ್ತಿ," ಎಂದು ಪಕ್ಕದವಳಿಗೆ ಹೇಳಿ, ಬುಟ್ಟಿ ಬೋರಲು ಹಾಕಿದಳು.

ಉಂಡೆಗಳು ಸಾಲುಗಟ್ಟಿ ನಡುವಿನ ಕೊಳವೆಯಲ್ಲಿ ಬಂದವು. ಬದಿಯಲ್ಲಿ ತಿಳಿನೀರು. ಬೀಗಮುದ್ರೆ ಒಡೆಯಿತು, ಪಲ್ಪರ್ ತಿರುಗಿತು, ಹಣ್ಣು ಉಳಿಯಿತು. ಕಲ್ಲೇಶ್ ಯಂತ್ರಕ್ಕೇ ಹೂವಿನ ಹಾರ ಹಾಕಿದರು.

ಈಗ ಮೂಡಿಗೆರೆಯಿಂದ ಕಳಸದವರೆಗೆ ಯಂತ್ರವಿರುವಲ್ಲೆಲ್ಲ ಉಂಡೆ ಗ್ಯಾಂಗ್ ಕಡ್ಡಾಯ. ಯಂತ್ರವಿಲ್ಲದೆ ಬರೀ ಸೋಸುವುದಕ್ಕೆ ಅನುಮತಿಯಿಲ್ಲ, ಅದು ಅವೈಜ್ಞಾನಿಕ.

ಮೊನ್ನೆ ಸಂಸೆಯ ಒಂದು ತೋಟದ ತಪಾಸಣೆಯಲ್ಲಿ ಒಂದು ಉಂಡೆ ಮೊಟ್ಟೆಯಾಕಾರದಲ್ಲಿತ್ತು. ಇದು ನಡುವಿಗೆ ಬರುವುದಿಲ್ಲ ಎಂದರು ಪ್ರಸನ್ನಕುಮಾರ್. ಅದು ನೆಟ್ಟಗೆ ನಡುವಿಗೇ ಬಂತು. ಅವರು ಅದನ್ನು ಹಿಡಿದು ಆಚೆ ತೆಗೆದು, ದುಂಡಗೆ ಮಾಡಿಸಿ, ಮತ್ತೆ ನೀರಿಗೆ ಬಿಡಿಸಿದ ಮೇಲೆಯೇ ನೀರು ಶುದ್ಧವೆಂದು ಸಹಿ ಹಾಕಿದರು. ಅಲ್ಲಿಯವರೆಗೆ ಎಲ್ಲರೂ ಕೈಕಟ್ಟಿ ನಿಂತು ಕಾದರು.