ಕರದಂಟಿಗೆ ಬೆಳಕು ಹಿಡಿದ ಹದಿನೈದು ದಿನ

ಕೂತು ಮಾಡುವ ಕೆಲಸ ಅಂತ ನಾನು ಯಾವುದನ್ನು ಹಿಡಿದರೂ ಅದು ನನ್ನನ್ನು ಎಬ್ಬಿಸಿ ಓಡಾಡಿಸುತ್ತದೆ. ಹೀಗೇ ಆಗುತ್ತ ಬಂದಿದೆ. ಈಗೀಗ ಬೇಸರ ಮಾಡಿಕೊಳ್ಳುವುದಕ್ಕೂ ಬೇಸರ.

ಇಪ್ಪತ್ತೆರಡು ವರ್ಷ ಮದುವೆ ಫೋಟೊ ತೆಗೆದೆ. ಹುನಗುಂದ, ಇಳಕಲ್ಲು, ಬಾದಾಮಿ, ಯಾವ ಊರಿನ ಕಲ್ಯಾಣ ಮಂಟಪಕ್ಕೆ ಎಷ್ಟು ಮೆಟ್ಟಿಲು ಅಂತ ನನ್ನ ಮೊಣಕಾಲನ್ನು ಕೇಳಿದರೆ ಹೇಳುತ್ತದೆ. ಡಾಕ್ಟರು, "ಇನ್ನ ಮ್ಯಾಲ ನಿಂತು ಮಾಡೋ ಕೆಲಸ ಬ್ಯಾಡ್ರಿ" ಎಂದುಬಿಟ್ಟರು. ಅದೇ ಹೊತ್ತಿಗೆ ಅಮೀನಗಡದ ಕರದಂಟಿನ ಅಂಗಡಿಯ ಸಾವಕಾರರು ಕರೆಸಿದರು. ಅವರ ಹನ್ನೆರಡು ನಮೂನೆ ಕರದಂಟಿನ ಹೊಸ ಡಬ್ಬಿಗಳ ಮೇಲೆ ಫೋಟೊ ಬೇಕಿತ್ತು.

"ಹದಿನೈದು ದಿನದಾಗ ಒಂದು ಫೋಟೊ ತಗದು ತೋರಸ್ರಿ. ಮನಸಿಗೆ ಬಂದ್ರ ಹನ್ನೆರಡೂ ನಮೂನಿ ನಿಮಗ. ಬರಲಿಲ್ಲಂದ್ರ ಹುಬ್ಬಳ್ಳಿಯವರಿಗೆ ಹೇಳ್ತೇನಿ" ಎಂದರು.

ಈ ಕೆಲಸ ಸಿಕ್ಕರೆ ಮದುವೆ ಬಿಡಬಹುದು, ಸಿಗದಿದ್ದರೆ ಮುಂದಿನ ತಿಂಗಳು ಮತ್ತೆ ಮೆಟ್ಟಿಲು. ನವನಗರದ ನಮ್ಮ ಮನೆಯ ಹಿಂದಿನ ಕೋಣೆ ಖಾಲಿ ಮಾಡಿ, ಮೊಬೈಲಿನಲ್ಲಿ ವಿಡಿಯೊ ನೋಡುತ್ತ ಸ್ಟುಡಿಯೊ ಬೆಳಕು ಕಲಿಯಲು ಕೂತೆ. ಮದುವೆಯಲ್ಲಿ ಫ್ಲ್ಯಾಶ್ ಒತ್ತಿದರೆ ಮುಗಿಯಿತು. ಸುಮ್ಮನೆ ಬಿದ್ದಿರುವ ವಸ್ತುವಿಗೆ ಬೆಳಕು ಹಿಡಿಯುವುದು ಬೇರೆಯೇ ವಿದ್ಯೆ ಅಂತ ಆಗ ಗೊತ್ತಾಯಿತು.

ಬೇವಿನ ತೊಪ್ಪಲು

ವಿಡಿಯೊದವನ ಮೊದಲ ಪಾಠ, ಬೆಳಕು ಹಾಕುವ ಮೊದಲು ಇದ್ದ ಬೆಳಕು ತೆಗೆಯಬೇಕು ಅಂತ. ಕಿಟಕಿಗೆ ಅವ್ವನ ಕರಿ ಕಂಬಳಿ ಕಟ್ಟಿದೆ. ಬಾಗಿಲಿನ ಸಂದಿಗೆ ಹಳೆಯ ಸೀರೆ ತುರುಕಿದೆ. ಎರಡು ದಿನ ಒಳಗೇ ಇದ್ದೆ. ಊಟದ ತಟ್ಟೆಯನ್ನೂ ಹೆಂಡತಿ ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದಳು.

ನಮ್ಮ ಕಡೆ ಮೈಮೇಲೆ ಗುಳ್ಳೆ ಎದ್ದರೆ ದೇವಿ ಬಂದಳು ಅನ್ನುತ್ತಾರೆ. ಅಂಥವರನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಬಾಗಿಲಿಗೆ ಬೇವು ಕಟ್ಟುತ್ತಾರೆ. ಹೊರಗಿನವರು ಒಳಗೆ ಕಾಲಿಡುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ನಮ್ಮ ಗೇಟಿಗೆ ಬೇವಿನ ತೊಪ್ಪಲು! ಪಕ್ಕದ ಮನೆಯ ಕಾಕು ಗೋಡೆಯಾಚೆಯಿಂದಲೇ ಕೇಳಿದರು.

"ಭಾಳ ಎದ್ದಾವೇನೋ ತಮ್ಮಾ? ಮಜ್ಜಿಗಿ ಕುಡಿ, ತಂಪಾಗ್ತದ."

"ಏನೂ ಎದ್ದಿಲ್ಲ ಕಾಕು. ಕರದಂಟಿನ ಫೋಟೊ ತಗಿಯಾಕ ಹತ್ತೇನಿ."

ಕಾಕು ನನ್ನ ಹೆಂಡತಿಯ ಕಡೆ ತಿರುಗಿ ದನಿ ಇಳಿಸಿದರು. "ಜ್ವರ ನೆತ್ತಿಗೇರೈತಿ ನೋಡವಾ. ಏನೇನೋ ಬಡಬಡಸಾಕ ಹತ್ಯಾನ."

ನಾಲ್ಕು ದಿನ ನಮ್ಮ ಮನೆಗೆ ಒಬ್ಬರೂ ಬರಲಿಲ್ಲ. ಅಷ್ಟು ನೆಮ್ಮದಿಯಿಂದ ನಾನು ಜನ್ಮದಲ್ಲಿ ಕೆಲಸ ಮಾಡಿರಲಿಲ್ಲ. ಐದನೆಯ ದಿನ ಬೇವು ಒಣಗಿತು. ಯಾರೂ ನೋಡದ ಹಾಗೆ ಹೋಗಿ ನಾನೇ ಹಸಿಯದು ಕಟ್ಟಿ ಬಂದೆ.

ಬೀಗರ ಉಪಚಾರ

ಬೆಳಕೇನೋ ಹದಕ್ಕೆ ಬಂತು, ಆದರೆ ಫೋಟೊದಲ್ಲಿ ಕರದಂಟು ಹೊಲದ ಹೆಂಟೆಯ ಹಾಗೆ ಕಾಣುತ್ತಿತ್ತು. ಮೇಲೆ ತುಸು ಎಣ್ಣೆ ಸವರಬೇಕಂತೆ. ಅಡುಗೆಯ ಎಣ್ಣೆ ಮುಟ್ಟಲು ಹೆಂಡತಿ ಬಿಡಲಿಲ್ಲ. ತಲೆಗೆ ಹಚ್ಚುವ ಮಲ್ಲಿಗೆ ವಾಸನೆಯ ಕೊಬ್ಬರಿ ಎಣ್ಣೆ ಸವರಿದೆ. ಒಂದೊಂದು ಗೋಡಂಬಿಯೂ ಮಿಂಚಿತು. ತಟ್ಟೆಯನ್ನು ಅಲ್ಲೇ ಬಿಟ್ಟು ಮೊಣಕಾಲಿಗೆ ಶಾಖ ಕೊಟ್ಟುಕೊಳ್ಳಲು ಬಚ್ಚಲಿಗೆ ಹೋದೆ.

ಅಷ್ಟರಲ್ಲಿ ಮಗಳ ಮಾವ ಬಂದರು. ಬೇವು ಗೀವು ಅವರು ನೋಡಲೇ ಇಲ್ಲ. ಬೀಗರಿಗೆ ಬರೀ ಚಹಾ ಕೊಟ್ಟು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಮನೆಯಲ್ಲಿದ್ದ ಸಿಹಿ ಅದೊಂದೇ, ಹೆಂಡತಿ ಆ ತಟ್ಟೆಯನ್ನೇ ತಂದಿಟ್ಟಿದ್ದಳು. ನಾನು ಕುಂಟುತ್ತ ಹೊರಗೆ ಬರುವಷ್ಟರಲ್ಲಿ ಮೂರು ತುಂಡು ಖಾಲಿ.

"ಏನ್ ಘಮ ಐತ್ರಿ ಬೀಗರ! ಮಲ್ಲಿಗಿ ಹೂ ಹಾಕ್ಯಾರೇನು?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಹೌದ್ರಿ, ಹೊಸಾ ನಮೂನಿ" ಎಂದಳು.

ಇಂಥ ಸುಳ್ಳು ಅಲ್ಲಿಗೇ ಮುಗಿಯುವುದಿಲ್ಲ. ನಾಲ್ಕು ದಿನ ಬಿಟ್ಟು ಅವರ ಫೋನು ಬಂತು. "ಅಮೀನಗಡದಾಗ ಬಸ್ಸಿಳಿದು ಎಲ್ಲಾ ಅಂಗಡಿ ಕೇಳಿದ್ನಿರಿ. ಮಲ್ಲಿಗಿ ಕರದಂಟು ಒಬ್ಬರ ಕಡೆನೂ ಇಲ್ಲ. ನಿಮಗ ಮಾಡಾಕ ಬರಂಗಿಲ್ಲ ಅಂತ ಬೈದು ಬಂದೇನಿ!"

ತಂಬಿಗೆಯ ಹೊಟ್ಟೆ

ಗಡುವಿಗೆ ಇನ್ನೆರಡೇ ದಿನ. ಮುಚ್ಚಿದ ಕೋಣೆಯ ಹಗಲಿನ ಸೆಕೆಗೆ ಬೆಲ್ಲ ಮೆತ್ತಗಾಗಿ ತುಂಡುಗಳು ಒಂದರ ಮೇಲೊಂದು ಒರಗುತ್ತಿದ್ದವು. ಹಾಗಾಗಿ ಕೆಲಸ ಸಂಜೆಗೆ ಹಾಕಿಕೊಂಡು, ಗಾಳಿಗೆ ಬಾಗಿಲು ತೆರೆದಿಟ್ಟೆ. ಕರದಂಟಿನ ಹಿಂದೆ ಕಳೆ ಬರಲಿ ಅಂತ ಹಿತ್ತಾಳೆಯ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟೆ. ಅಲ್ಲಿಂದ ಶುರುವಾಯಿತು ಕಷ್ಟ. ತಂಬಿಗೆಯ ಹೊಟ್ಟೆಯಲ್ಲಿ ಇಡೀ ಕೋಣೆ ಕಾಣುತ್ತದೆ. ದೀಪದ ಮುಂದೆ ಬಿಳಿ ಕಾಗದ ಕಟ್ಟಿದೆ. ಕ್ಯಾಮೆರಾಕ್ಕೆ ಕರಿ ಬಟ್ಟೆ ಸುತ್ತಿದೆ. ನಾನೂ ಕಂಬಳಿ ಹೊದ್ದು ಕೂತೆ. ದೀಪ ಹಾಕಿ ಗುಂಡಿ ಒತ್ತಿದೆ. ಒಂದೇ ಪೆಟ್ಟಿಗೆ ಬಂತು ಫೋಟೊ. ಅಳು ಬರುವಷ್ಟು ಖುಷಿಯಾಯಿತು, ನಿಜ ಹೇಳುತ್ತೇನೆ.

ಮರುದಿನ ಸಾವಕಾರರು ಅದನ್ನು ಅಂಗಡಿಯ ದೊಡ್ಡ ಟೀವಿಗೆ ಹಾಕಿಸಿದರು. ನೋಡಿದರು. ಚಷ್ಮಾ ಹಾಕಿಕೊಂಡು ಹತ್ತಿರ ಹೋಗಿ ಮತ್ತೆ ನೋಡಿದರು.

"ತಂಬಗಿ ಒಳಗ ಯಾರ್ರೀ ಇವರು?"

ಶೇಂಗಾ ಬೀಜದಷ್ಟು ನಮ್ಮವ್ವ! ನನ್ನ ಹಿಂದಿನ ಬಾಗಿಲಲ್ಲಿ, ತಲೆ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಎರಡೂ ಕೈ ಮುಗಿದು ನಿಂತಿದ್ದಾಳೆ. ಸಂಜೆ ಮನೆಯಲ್ಲಿ ಮೊದಲ ದೀಪ ಹತ್ತಿದಾಗ ಅದಕ್ಕೆ ಕೈ ಮುಗಿಯುವುದು ಅವಳ ರೂಢಿ. ಆ ಸಂಜೆಯ ಮೊದಲ ದೀಪ ನನ್ನ ಸ್ಟುಡಿಯೊದ್ದು. ಎಲ್ಲವನ್ನೂ ಮುಚ್ಚಿದೆ, ಅವ್ವ ನೆನಪಾಗಲಿಲ್ಲ.

"ತಪ್ಪಾತ್ರಿ ಸಾವಕಾರ್ರ. ನಮ್ಮವ್ವ ಅಕಿ. ಅಳಿಸಿ ಕೊಡ್ತೇನಿ."

"ಅಳಸ್ತೀರಿ? ಹುಚ್ಚ ಅದೀರೇನು? ನಮ್ಮ ಮಾಲಿಗೆ ಹಿರ್ಯಾರು ಕೈ ಮುಗದು ನಿಂತಾರ. ಹುಬ್ಬಳ್ಳಿಯವರ ಕಡೆ ಇಂಥಾದ್ದು ಆಗ್ತದೇನು? ಹನ್ನೆರಡೂ ನಿಮಗ. ಎಲ್ಲಾ ಡಬ್ಬಿ ಮ್ಯಾಲೂ ಅವ್ವಾರು ಹಿಂಗ ಇರಬೇಕು, ನೋಡ್ರಿ."

ಮನೆಗೆ ಬಂದವನೇ ಇನ್ನೊಂದು ನಮೂನೆ ಜೋಡಿಸಿ ಅವ್ವನನ್ನು ಬಾಗಿಲಲ್ಲಿ ನಿಲ್ಲಿಸಿದೆ. ಆಧಾರ್ ಕಾರ್ಡಿನ ಫೋಟೊಕ್ಕೆ ನಿಂತ ಹಾಗೆ ಸೆಟೆದು ನಿಂತಳು.

"ಕೈ ಮುಗಿಯವ್ವಾ."

"ಯಾರಿಗೆ?"

"ಕರದಂಟಿಗೆ."

"ನಿನಗೇನರ ಬುದ್ಧಿ ಐತೇನು? ದೀಪ ಹತ್ತಿದ್ರ ಕೈ ತಾವ ಏಳ್ತಾವ. ನೀ ಹೇಳಿದ್ರ ಏಳಂಗಿಲ್ಲ."

ಸಂಜೆ ದೀಪ ಹಾಕಿದೆ. ಕೈ ಎದ್ದವು, ಒಂದು ಫೋಟೊ ಸಿಕ್ಕಿತು. ಆರಿಸಿ ಮತ್ತೆ ಹಾಕಿದೆ. "ಇವತ್ತಿಂದು ಆತು" ಎಂದು ಅವ್ವ ಒಳಗೆ ಹೋದಳು.

ಅಷ್ಟೊತ್ತಿಗೆ ಸಾವಕಾರರ ಫೋನು. "ಉಳಿದಾವು ನಾಳಿಗೆ ಕೊಡ್ತೀರೇನ್ರಿ?"

"ಇಲ್ರಿ, ಇನ್ನ ಹತ್ತು ಉಳದಾವು. ಹತ್ತು ದಿನ ಬೇಕು."

"ಬೆಳಕು ಹಾಕೋದು ಅಷ್ಟು ಕಠಿಣ ಐತೇನ್ರಿ?"

"ಬೆಳಕು ಎಷ್ಟ ಸಲ ಬೇಕಾದ್ರೂ ಹಾಕ್ತೇನ್ರಿ ಸಾವಕಾರ್ರ. ನಮ್ಮವ್ವ ದಿನಕ್ಕ ಒಮ್ಮಿ ಅಷ್ಟ ಕೈ ಮುಗೀತಾಳ."